ಚಿತ್ರ ಒಂದು, ಸಂಪಾದನೆ ಹಲವು

ಜನವರಿ ತಿಂಗಳ ಮೊದಲ ಭಾನುವಾರ ಬೆಂಗಳೂರಿನ ಕುಮಾರಕೃಪಾ ರಸ್ತೆಗೆ ಹೋಗಿದ್ದವರಿಗೆ ಈ ನೋಟ ಗೊತ್ತು. ಅಂದು ಅಲ್ಲಿ ವಾಹನಗಳ ಸದ್ದಿಲ್ಲ. ರಸ್ತೆಯ ಎರಡೂ ಬದಿಗೆ ಚಿತ್ರಗಳೇ ಚಿತ್ರಗಳು. ನಡುವೆ ಜನರ ಗಿಜಿಗಿಜಿ. ಕರ್ನಾಟಕ ಚಿತ್ರಕಲಾ ಪರಿಷತ್ತು 20 ವರ್ಷಕ್ಕೂ ಹೆಚ್ಚು ಕಾಲದಿಂದ ನಡೆಸಿಕೊಂಡು ಬಂದಿರುವ ಚಿತ್ರಸಂತೆ ಅದು. ಸಾವಿರಕ್ಕೂ ಹೆಚ್ಚು ಕಲಾವಿದರು ಬರುತ್ತಾರೆ. ನಮ್ಮ ಜಿಲ್ಲೆಗಳಿಂದ ಬರುತ್ತಾರೆ, ಹೊರ ರಾಜ್ಯಗಳಿಂದಲೂ ಬರುತ್ತಾರೆ. ನೂರು ರೂಪಾಯಿಯ ಪುಟ್ಟ ಚಿತ್ರವೂ ಸಿಗುತ್ತದೆ, ಲಕ್ಷ ರೂಪಾಯಿಯದ್ದೂ ಸಿಗುತ್ತದೆ. ಕೊಳ್ಳುವವರು ಬರೆದವರ ಜೊತೆಗೇ ನಿಂತು ಮಾತಾಡುತ್ತಾರೆ. ಮಧ್ಯೆ ದಲ್ಲಾಳಿ ಇಲ್ಲ. ನಮ್ಮ ನಾಡಿನಲ್ಲಿ ನಡೆಯುವ ಒಳ್ಳೆಯ ಕೆಲಸಗಳಲ್ಲಿ ಇದೊಂದು ಎಂದು ನಾನು ನಂಬಿದ್ದೇನೆ.

ಆದರೆ ಸಂತೆ ಒಂದು ದಿನದ್ದು. ಮನೆ ಬಾಡಿಗೆ ಪ್ರತಿ ತಿಂಗಳದ್ದು. ಮಕ್ಕಳ ಫೀಸು, ಕರೆಂಟ್ ಬಿಲ್ಲು, ದಿನಸಿ ಅಂಗಡಿಯ ಲೆಕ್ಕ, ಯಾವುದೂ ಚಿತ್ರ ಮಾರಾಟವಾಗಲಿ ಎಂದು ಕಾಯುವುದಿಲ್ಲ. ಚಿತ್ರ ಮಾತ್ರ ಯಾವಾಗಲೋ ಒಮ್ಮೆ ಮಾರಾಟವಾಗುತ್ತದೆ. ಮಾರಾಟವಾದ ತಿಂಗಳು ಕೈ ತುಂಬ ದುಡ್ಡು. ಮುಂದಿನ ನಾಲ್ಕು ತಿಂಗಳು ಸಾಲ.

ಹೀಗೆ ಬದುಕುತ್ತಿರುವ ಚಿತ್ರಕಲಾವಿದರು, ಶಿಲ್ಪಿಗಳು ನಮ್ಮ ಎಲ್ಲ ಊರುಗಳಲ್ಲೂ ಇದ್ದಾರೆ. ಅವರಿಗಾಗಿ, ಅವರ ಮನೆಯವರಿಗಾಗಿ ಇವತ್ತಿನ ನನ್ನ ಮಾತು. ವಿಷಯ ಒಂದೇ. ಕಲಾವಿದ ತನ್ನ ಕಸುಬು ಬಿಡದೆ ಅದೇ ಕಸುಬಿನಿಂದ ಹಲವು ದಾರಿಯ ಸಂಪಾದನೆ ಮಾಡಿಕೊಳ್ಳುವುದು ಹೇಗೆ?

ಮಲೆನಾಡಿನ ಅಡಿಕೆ ತೋಟ ನೋಡಿ. ಅಡಿಕೆ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿಸಿರುತ್ತಾರೆ. ಕೆಳಗೆ ಏಲಕ್ಕಿ, ನಡುವೆ ಬಾಳೆ. ಅಡಿಕೆಯ ಧಾರಣೆ ಬಿದ್ದ ವರ್ಷ ಮೆಣಸು ಮನೆಯನ್ನು ನಡೆಸುತ್ತದೆ. ಮಣ್ಣು ಅದೇ, ನೀರು ಅದೇ. ಮುಖ್ಯ ಬೆಳೆಯನ್ನು ಯಾರೂ ಕಡಿದುಹಾಕುವುದಿಲ್ಲ. ಚಿತ್ರಕಾರನಿಗೂ ಇಂಥ ಉಪಬೆಳೆ ಬೇಕು.

ಕೆಲವರಿಗೆ ಈ ಮಾತು ಹಿಡಿಸುವುದಿಲ್ಲ. ನಿಜವಾದ ಕಲಾವಿದ ಚಿತ್ರ ಬರೆಯುವುದೊಂದನ್ನೇ ಮಾಡಬೇಕು, ಉಳಿದದ್ದೆಲ್ಲ ಹೊಟ್ಟೆಪಾಡು ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ನಮ್ಮ ಹಿರಿಯರನ್ನೇ ನೋಡಿ. ಆರ್.ಕೆ. ಲಕ್ಷ್ಮಣ್ ಮೈಸೂರಿನಲ್ಲಿ ವಿದ್ಯಾರ್ಥಿಯಾಗಿದ್ದಾಗಲೇ ಕನ್ನಡದ 'ಕೊರವಂಜಿ' ಪತ್ರಿಕೆಗೆ ಚಿತ್ರ ಬರೆದರು. ಅಣ್ಣ ಆರ್.ಕೆ. ನಾರಾಯಣ್ ಅವರ ಕಥೆಗಳಿಗೂ ಬರೆದರು. ಮುಂದೆ ವ್ಯಂಗ್ಯಚಿತ್ರಕಾರರಾಗಿ ದೇಶಕ್ಕೆಲ್ಲ ಗೊತ್ತಾದ ಮೇಲೂ ಬಣ್ಣದ ಕಂಪನಿಯೊಂದಕ್ಕೆ 'ಗಟ್ಟು' ಎಂಬ ಹುಡುಗನ ಚಿತ್ರ ಮಾಡಿಕೊಟ್ಟರು. ಕೈಯಲ್ಲಿ ಬಣ್ಣದ ಡಬ್ಬಿ, ಹಣೆಯ ಮೇಲೆ ಕೂದಲು ಇಳಿಬಿದ್ದ ಆ ತುಂಟ ಹುಡುಗನನ್ನು ಹಳೆಯ ಕೇಳುಗರು ಮರೆತಿರಲಾರರು.

ಕಲಬುರಗಿಯ ಎಸ್.ಎಂ. ಪಂಡಿತರು ಮುಂಬೈಯಲ್ಲಿ ಸಿನಿಮಾ ಪೋಸ್ಟರ್ ಬರೆದರು, ಪತ್ರಿಕೆಯ ಮುಖಪುಟ ಬರೆದರು, ಕ್ಯಾಲೆಂಡರಿಗೆ ದೇವರ ಚಿತ್ರ ಬರೆದರು. ಎಂ.ಎಫ್. ಹುಸೇನ್ ಹೆಸರು ಮಾಡುವ ಮೊದಲು ಸಿನಿಮಾ ಹೋರ್ಡಿಂಗ್ ಬರೆಯುತ್ತಿದ್ದರು. ಮಕ್ಕಳ ಆಟಿಕೆ, ಪೀಠೋಪಕರಣಗಳ ವಿನ್ಯಾಸವನ್ನೂ ಮಾಡಿದ್ದರು. ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರು 1940ರ ದಶಕದಲ್ಲಿ ಮುಂಬೈಯ ಜೆ.ಜೆ. ಕಲಾಶಾಲೆಯಲ್ಲಿ ಮೇಷ್ಟ್ರಾಗಿದ್ದರು. ಇವರಲ್ಲಿ ಯಾರ ಕಲೆಯೂ ಇದರಿಂದ ಸೊರಗಲಿಲ್ಲ.

ಇಲ್ಲಿಯವರೆಗೆ ಹೇಳಿದ್ದು ಇಷ್ಟು. ಒಂದೇ ಆದಾಯವನ್ನು ನಂಬಿದರೆ ಕಷ್ಟ. ಹಲವು ದಾರಿ ಹಿಡಿಯುವುದು ಹೊಸದೂ ಅಲ್ಲ, ಕೀಳೂ ಅಲ್ಲ. ಈಗ ಮೊದಲ ದಾರಿಗೆ ಬರೋಣ. ಅದು ಅಚ್ಚಿನ ದಾರಿ.

ಒಂದು ತೈಲಚಿತ್ರ ಒಬ್ಬರ ಮನೆಗೆ ಮಾತ್ರ ಹೋಗುತ್ತದೆ. ಅಚ್ಚು ಹಾಕಿದ ಚಿತ್ರ ಹಲವರ ಮನೆಗೆ ಹೋಗುತ್ತದೆ. ಇದನ್ನು ನಮ್ಮ ದೇಶದಲ್ಲಿ ದೊಡ್ಡ ಪ್ರಮಾಣದಲ್ಲಿ ಮಾಡಿ ತೋರಿಸಿದವರು ರಾಜಾ ರವಿವರ್ಮ. 1894ರಲ್ಲಿ ಮುಂಬೈಯಲ್ಲಿ ಅವರು ಒಂದು ಕಲ್ಲಚ್ಚಿನ ಮುದ್ರಣಾಲಯ ತೆರೆದರು. ಅರಮನೆಗಳ ಗೋಡೆಯ ಮೇಲಿದ್ದ ಲಕ್ಷ್ಮಿ, ಸರಸ್ವತಿ, ಶಕುಂತಲೆಯರು ಬಣ್ಣದ ಅಚ್ಚಾಗಿ ಸಾಮಾನ್ಯರ ದೇವರ ಮನೆಗೆ ಬಂದರು. ನಿಮ್ಮ ಅಜ್ಜಿಯ ಕಾಲದ ಮನೆಯಲ್ಲಿ ಅಂಥದ್ದೊಂದು ಪಟ ಇದ್ದಿರಲೇಬೇಕು. ಅವರ ಮೂಲ ಚಿತ್ರಗಳನ್ನು ನೋಡಬೇಕಾದರೆ ಮೈಸೂರಿನ ಜಗನ್ಮೋಹನ ಅರಮನೆಗೆ ಹೋಗಿ.

ರವಿವರ್ಮರಿಗೆ ಆ ಮುದ್ರಣಾಲಯ ಲಾಭ ತರಲಿಲ್ಲ. ಸಾಲವಾಯಿತು. ಮುಂಬೈಗೆ ಪ್ಲೇಗ್ ಬಂತು. 1901ರಲ್ಲಿ ಅದನ್ನು ಜರ್ಮನಿಯ ಫ್ರಿಟ್ಜ್ ಶ್ಲೈಶರ್ ಎಂಬ ತಂತ್ರಜ್ಞನಿಗೆ ಮಾರಿದರು. ಚಿತ್ರಗಳನ್ನು ಅಚ್ಚು ಹಾಕುವ ಹಕ್ಕೂ ಅವನ ಪಾಲಾಯಿತು. ರವಿವರ್ಮ 1906ರಲ್ಲಿ ತೀರಿಕೊಂಡರು. ಆಮೇಲೂ ದಶಕಗಳ ಕಾಲ ಆ ಮುದ್ರಣಾಲಯ ಅವರ ಹೆಸರಿನಲ್ಲೇ ಪಟಗಳನ್ನು ಅಚ್ಚು ಹಾಕಿತು. ಇದನ್ನು ನೆನಪಿನಲ್ಲಿಡಿ. ಹಕ್ಕಿನ ಮಾತು ಬಂದಾಗ ಬೇಕಾಗುತ್ತದೆ.

ಅಚ್ಚು ಎಂದರೆ ದೊಡ್ಡ ಯಂತ್ರ ಬೇಕು ಎಂದು ಹೆದರಬೇಡಿ. ಕಲಾಶಾಲೆಯ ಗ್ರಾಫಿಕ್ಸ್ ವಿಭಾಗದಲ್ಲಿ ಕಲಿತವರಿಗೆ ಎಚಿಂಗ್, ವುಡ್‌ಕಟ್, ಲಿನೋಕಟ್ ಗೊತ್ತಿರುತ್ತದೆ. ಎಚಿಂಗ್‌ಗೆ ಒತ್ತುಯಂತ್ರ ಬೇಕೇ ಬೇಕು. ಲಿನೋಕಟ್‌ಗೆ ಬೇಡ. ಲಿನೋಲಿಯಂ ಹಾಳೆ ಎಂದರೆ ಮೆತ್ತಗಿನ, ದಪ್ಪನೆಯ ನೆಲಹಾಸಿನಂಥ ವಸ್ತು. ಅದರ ಮೇಲೆ ಚಿತ್ರ ಬರೆದುಕೊಳ್ಳುತ್ತೀರಿ. ಬಿಳಿ ಉಳಿಯಬೇಕಾದ ಕಡೆಯೆಲ್ಲ ಪುಟ್ಟ ಉಳಿಯಿಂದ ಕೆತ್ತಿ ತೆಗೆಯುತ್ತೀರಿ. ಉಬ್ಬಿ ನಿಂತ ಭಾಗಕ್ಕೆ ರೋಲರ್‌ನಿಂದ ಶಾಯಿ ಹಚ್ಚುತ್ತೀರಿ. ಮೇಲೆ ಕಾಗದ ಹಾಸಿ, ಚಮಚದ ಬೆನ್ನಿನಿಂದ ಉಜ್ಜುತ್ತೀರಿ. ಕಾಗದ ಎತ್ತಿದರೆ ಚಿತ್ರ ತಿರುವುಮುರುವಾಗಿ ಮೂಡಿರುತ್ತದೆ. ಅಡಿಗೆಮನೆಯ ಕಟ್ಟೆಯ ಮೇಲೆ ಮಾಡಬಹುದಾದ ಕೆಲಸ.

ಇದರಲ್ಲಿ ಒಂದು ಶಿಸ್ತು ಇದೆ. ಎಷ್ಟು ಪ್ರತಿ ತೆಗೆಯುತ್ತೀರಿ ಎಂದು ಮೊದಲೇ ನಿರ್ಧರಿಸಬೇಕು. 25 ಎಂದರೆ 25. ಪ್ರತಿಯೊಂದರ ಕೆಳಗೂ ಪೆನ್ಸಿಲ್‌ನಲ್ಲಿ ಸಂಖ್ಯೆ ಬರೆಯಬೇಕು. 25ರಲ್ಲಿ ಮೂರನೆಯದು ಎಂದರೆ ಮೂರು, ಒಂದು ಓರೆಗೆರೆ, ಇಪ್ಪತ್ತೈದು. ಪಕ್ಕದಲ್ಲಿ ಚಿತ್ರದ ಹೆಸರು. ಬಲತುದಿಗೆ ನಿಮ್ಮ ಸಹಿ. ಕೊನೆಯ ಪ್ರತಿ ತೆಗೆದ ಮೇಲೆ ಅಚ್ಚಿನ ಮೇಲೆ ಅಡ್ಡಗೀರು ಎಳೆದು ಅದನ್ನು ರದ್ದು ಮಾಡಬೇಕು. ಕೊಂಡವರ ನಂಬಿಕೆ ಈ ಶಿಸ್ತಿನ ಮೇಲೆ ನಿಂತಿದೆ.

ಲೆಕ್ಕ ಹಾಕೋಣ. ನಿಮ್ಮದೊಂದು ಕ್ಯಾನ್ವಾಸ್ ಗ್ಯಾಲರಿಯಲ್ಲಿ 20,000 ರೂಪಾಯಿಗೆ ಹೋಯಿತು ಎನ್ನಿ. ಗ್ಯಾಲರಿಯವರ ಕಮಿಷನ್ ಸಾಮಾನ್ಯವಾಗಿ ಮೂರನೇ ಒಂದು ಭಾಗದಿಂದ ಅರ್ಧದವರೆಗೆ ಇರುತ್ತದೆ. ಅಂದರೆ ಕೈಗೆ ಬರುವುದು 10,000ದಿಂದ 13,000. ಅದೇ ವಸ್ತುವಿನ ಮೇಲೆ ಒಂದು ಲಿನೋಕಟ್ ಮಾಡಿ, ಪ್ರತಿಗೆ 1,000 ರೂಪಾಯಿಯಂತೆ 25 ಪ್ರತಿ ಮಾರಿದರೆ 25,000. ಒಂದೇ ದಿನ ಬರುವುದಿಲ್ಲ, ನಿಜ. ವರ್ಷವಿಡೀ ಒಂದೊಂದಾಗಿ ಬರುತ್ತದೆ. ಹಾಗೆ ಒಂದೊಂದಾಗಿ ಬರುವುದೇ ನಮಗೆ ಬೇಕಾದದ್ದು. 20,000 ಕೊಟ್ಟು ಕೊಳ್ಳಲಾರದ ಶಾಲಾ ಶಿಕ್ಷಕಿ 1,000 ಕೊಟ್ಟು ಒಂದು ಪ್ರತಿ ಕೊಳ್ಳಬಲ್ಲಳು. ನಮ್ಮ ಕಲೆ ಅಂಥವರ ಮನೆಗೂ ಹೋಗಲಿ ಎಂಬುದು ನನ್ನ ಆಸೆ.

ಕಂಪ್ಯೂಟರಿನಿಂದ ತೆಗೆದ ಪ್ರತಿಗಳೂ ಇವೆ. ಕ್ಯಾನ್ವಾಸಿನ ಒಳ್ಳೆಯ ಫೋಟೊ ತೆಗೆಸಿ, ಹತ್ತಿಯ ಕಾಗದದ ಮೇಲೆ, ಬೇಗ ಮಾಸದ ಶಾಯಿಯಲ್ಲಿ ಮುದ್ರಿಸಿ ಮಾರಬಹುದು. ತಪ್ಪಿಲ್ಲ. ಆದರೆ ಕೊಳ್ಳುವವರಿಗೆ ಇದು ಮೂಲ ಚಿತ್ರದ ಮುದ್ರಿತ ಪ್ರತಿ ಎಂದು ಬಾಯಿಬಿಟ್ಟು ಹೇಳಿ. ಹಿಂಬದಿಯಲ್ಲೂ ಬರೆಯಿರಿ. ಕೈಯಚ್ಚಿನ ಬೆಲೆಯನ್ನು ಇದಕ್ಕೆ ಹೇಳಬೇಡಿ.

ಸರಿ, ಅಚ್ಚಿನ ಮಾತು ಇಷ್ಟು. ಒಂದು ಚಿತ್ರ ಹಲವು ಪ್ರತಿಯಾಗಬಹುದು. ಈಗ ಎರಡನೆಯ ವಿಷಯ. ನನ್ನ ಮಟ್ಟಿಗೆ ಇವತ್ತಿನ ಮಾತಿನಲ್ಲಿ ಅತಿ ಮುಖ್ಯವಾದದ್ದು ಇದೇ. ದಯವಿಟ್ಟು ಗಮನವಿಟ್ಟು ಕೇಳಿ. ಚಿತ್ರ ಬೇರೆ, ಚಿತ್ರದ ಹಕ್ಕು ಬೇರೆ.

ನಿಮ್ಮ ಕ್ಯಾನ್ವಾಸನ್ನು ಒಬ್ಬರು ಕೊಂಡರು. ಮನೆಗೆ ಒಯ್ದು ಗೋಡೆಗೆ ಹಾಕಿದರು. ಕ್ಯಾನ್ವಾಸ್ ಅವರದಾಯಿತು. ಆದರೆ ಅದನ್ನು ಕ್ಯಾಲೆಂಡರ್ ಮಾಡುವ, ಪುಸ್ತಕದ ಮುಖಪುಟಕ್ಕೆ ಹಾಕುವ, ಸೀರೆಯ ಮೇಲೆ ಮುದ್ರಿಸುವ ಹಕ್ಕು ಅವರದಾಗಲಿಲ್ಲ. ಅದು ನಿಮ್ಮಲ್ಲೇ ಉಳಿದಿದೆ. 1957ರ ಕೃತಿಸ್ವಾಮ್ಯ ಕಾಯ್ದೆ, ಅಂದರೆ ಕಾಪಿರೈಟ್ ಕಾಯ್ದೆ, ಇದನ್ನು ಹೇಳುತ್ತದೆ. ಈ ಹಕ್ಕು ನೀವು ಬದುಕಿರುವವರೆಗೂ ಇರುತ್ತದೆ. ನಿಮ್ಮ ನಂತರ 60 ವರ್ಷ ನಿಮ್ಮ ವಾರಸುದಾರರಿಗೆ ಸೇರುತ್ತದೆ. ಮನೆ, ಹೊಲ ಇಲ್ಲದ ಕಲಾವಿದನೂ ಮಕ್ಕಳಿಗೆ ಬಿಟ್ಟುಹೋಗಬಹುದಾದ ಆಸ್ತಿ ಇದು.

ಈ ಹಕ್ಕಿಗಾಗಿ ಎಲ್ಲೂ ನೋಂದಣಿ ಮಾಡಿಸಬೇಕಾದ ಕಡ್ಡಾಯವಿಲ್ಲ. ಚಿತ್ರ ಮುಗಿದ ಗಳಿಗೆಯಿಂದ ಹಕ್ಕು ಹುಟ್ಟುತ್ತದೆ. ಬೇಕೆಂದರೆ ನೋಂದಾಯಿಸಬಹುದು. ಚಿತ್ರಕ್ಕೆ ಶುಲ್ಕ 500 ರೂಪಾಯಿ. ಸರಕಿನ ಮೇಲೆ ಬಳಸುವಂಥ ಚಿತ್ರವಾದರೆ 2,000. ವ್ಯಾಜ್ಯ ಬಂದಾಗ ಸಾಕ್ಷಿಯಾಗಿ ಉಪಯೋಗಕ್ಕೆ ಬರುತ್ತದೆ.

ಇಲ್ಲೊಂದು ಎಚ್ಚರಿಕೆ ಇದೆ. ನೀವಾಗಿ ಬರೆದ ಚಿತ್ರಕ್ಕೆ ನಾನು ಹೇಳಿದ ನಿಯಮ. ಯಾರಾದರೂ ಆರ್ಡರ್ ಕೊಟ್ಟು, ಹಣ ಕೊಟ್ಟು ಬರೆಸಿದ ಭಾವಚಿತ್ರ ಅಥವಾ ವರ್ಣಚಿತ್ರಕ್ಕೆ ನಿಯಮ ಬೇರೆ. ಅಲ್ಲಿ ಬೇರೆ ಒಪ್ಪಂದ ಇಲ್ಲದಿದ್ದರೆ ಹಕ್ಕು ಬರೆಸಿದವರದ್ದು. ಕಾಯ್ದೆಯ 17ನೇ ಸೆಕ್ಷನ್ ಹೀಗೆ ಹೇಳುತ್ತದೆ. ಕಂಪನಿಯಲ್ಲಿ ಸಂಬಳಕ್ಕಿದ್ದು ಕೆಲಸದ ಭಾಗವಾಗಿ ಬರೆದರೂ ಹಾಗೆಯೇ, ಹಕ್ಕು ಕಂಪನಿಯದು. ನಮ್ಮ ಎಷ್ಟೋ ಕಲಾವಿದರಿಗೆ ಇದು ಗೊತ್ತಿಲ್ಲ. ಬಾಯಿಮಾತಿನಲ್ಲಿ ಆರ್ಡರ್ ಒಪ್ಪಿಕೊಳ್ಳುತ್ತಾರೆ. ಆಮೇಲೆ ತಮ್ಮ ಚಿತ್ರ ಸಾವಿರಾರು ಬಟ್ಟೆಚೀಲಗಳ ಮೇಲೆ ಮುದ್ರಣವಾಗಿ ಮಾರಾಟವಾಗುವುದನ್ನು ನೋಡಿ ಸಂಕಟಪಡುತ್ತಾರೆ.

ಹಾಗಾದರೆ ಏನು ಮಾಡಬೇಕು? ಆರ್ಡರ್ ಒಪ್ಪುವ ಮೊದಲು ಒಂದು ಕಾಗದ ಬರೆಯಿರಿ. ಕನ್ನಡದಲ್ಲೇ ಬರೆಯಿರಿ. ವಕೀಲರ ಭಾಷೆ ಬೇಡ. "ಈ ಚಿತ್ರವನ್ನು ನಿಮ್ಮ ಮನೆಯ ಗೋಡೆಗೆ ಎಂದು ಬರೆದುಕೊಡುತ್ತಿದ್ದೇನೆ. ಇದರ ಕೃತಿಸ್ವಾಮ್ಯ ನನ್ನಲ್ಲೇ ಇರುತ್ತದೆ. ಬೇರೆ ಬಳಕೆಗೆ ನನ್ನ ಲಿಖಿತ ಅನುಮತಿ ಬೇಕು." ಇಷ್ಟು ಬರೆದು, ಬೆಲೆ, ಅಡ್ವಾನ್ಸ್, ತಾರೀಕು ಹಾಕಿ, ಇಬ್ಬರೂ ಸಹಿ ಮಾಡಿ. ಒಂದೊಂದು ಪ್ರತಿ ಇಬ್ಬರ ಹತ್ತಿರವೂ ಇರಲಿ. ಒಳ್ಳೆಯ ಗಿರಾಕಿ ಇದಕ್ಕೆ ಬೇಸರಪಡುವುದಿಲ್ಲ.

ಈಗ ಹಕ್ಕಿನಿಂದ ಹಣ ಹೇಗೆ ಬರುತ್ತದೆ ಎಂದು ನೋಡೋಣ. ಪ್ರಕಾಶಕರೊಬ್ಬರು ಬಂದು ನಿಮ್ಮ ಚಿತ್ರವನ್ನು ಕಾದಂಬರಿಯ ಮುಖಪುಟಕ್ಕೆ ಕೇಳುತ್ತಾರೆ. ಒಂದು ಮುದ್ರಣಕ್ಕೆ, ಒಂದು ಭಾಷೆಗೆ ಎಂದು ಬರೆದುಕೊಟ್ಟು ಹಣ ಪಡೆಯಿರಿ. ಮುಂದಿನ ವರ್ಷ ಬ್ಯಾಂಕೊಂದು ಅದೇ ಚಿತ್ರವನ್ನು ಡೈರಿಗೆ ಕೇಳಬಹುದು. ಆಗ ಮತ್ತೆ ಹಣ. ಆಮೇಲೆ ಯಾರೋ ಶುಭಾಶಯ ಪತ್ರಕ್ಕೆ ಕೇಳುತ್ತಾರೆ. ಚಿತ್ರ ಎಂದೋ ಮಾರಾಟವಾಗಿ ಯಾರದೋ ಮನೆ ಸೇರಿದೆ, ಸಂಪಾದನೆ ಮಾತ್ರ ನಿಂತಿಲ್ಲ. ಇದಕ್ಕೆ ಒಂದೇ ಷರತ್ತು. ಮಾರುವ ಮೊದಲು ಪ್ರತಿಯೊಂದು ಚಿತ್ರದ ಒಳ್ಳೆಯ ಫೋಟೊ ನಿಮ್ಮ ಹತ್ತಿರ ಇರಬೇಕು. ಮಬ್ಬಿಲ್ಲದ ಬೆಳಕಿನಲ್ಲಿ, ಗಾಜು ಹಾಕಿಸುವ ಮುಂಚೆ, ನೇರವಾಗಿ ನಿಂತು ತೆಗೆದದ್ದು. ಖರ್ಚಾದರೂ ಚಿಂತೆಯಿಲ್ಲ, ತಿಳಿದವರಿಂದ ತೆಗೆಸಿ.

ಹಕ್ಕನ್ನು ಬರೆದುಕೊಡುವಾಗ ಮೂರು ಸಂಗತಿ ಕಾಗದದಲ್ಲಿರಲಿ. ಯಾವ ಬಳಕೆಗೆ? ಎಷ್ಟು ವರ್ಷಕ್ಕೆ? ಯಾವ ಪ್ರದೇಶಕ್ಕೆ? ಹಕ್ಕಿನ ವರ್ಗಾವಣೆ ಬರವಣಿಗೆಯಲ್ಲಿ, ಸಹಿಯೊಂದಿಗೆ ಇರಲೇಬೇಕು ಎನ್ನುತ್ತದೆ ಕಾಯ್ದೆ. ಅವಧಿ ಬರೆಯದಿದ್ದರೆ ಅದು ಐದು ವರ್ಷ ಎಂದು ಲೆಕ್ಕ. ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಸೀಮಿತ ಎಂದು ಲೆಕ್ಕ. ಕಾಯ್ದೆ ಕಲಾವಿದನ ಪರವಾಗಿಯೇ ಇದೆ. ಆದರೆ "ಎಲ್ಲ ಹಕ್ಕುಗಳನ್ನೂ ಶಾಶ್ವತವಾಗಿ, ಜಗತ್ತಿನಾದ್ಯಂತ" ಎಂದು ಅಚ್ಚಾದ ಕಾಗದಕ್ಕೆ ಓದದೆ ಸಹಿ ಹಾಕಿದರೆ ಕಾಯ್ದೆಯೂ ಕೈಕಟ್ಟಿ ನಿಲ್ಲುತ್ತದೆ. ರವಿವರ್ಮರ ಮುದ್ರಣಾಲಯದ ಕಥೆ ಹೇಳಿದೆನಲ್ಲ, ನೆನಪಿಸಿಕೊಳ್ಳಿ.

ಇನ್ನೊಂದು ಹಕ್ಕೂ ಇದೆ. ನಿಮ್ಮ ಮೂಲ ಚಿತ್ರವನ್ನು ಕೊಂಡವರು ಮುಂದೆ ಇನ್ನೊಬ್ಬರಿಗೆ 10,000 ರೂಪಾಯಿಗೂ ಹೆಚ್ಚಿಗೆ ಮಾರಿದರೆ, ಆ ಮರುಮಾರಾಟದ ಹಣದಲ್ಲಿ ನಿಮಗೂ ಪಾಲಿದೆ. ಶೇಕಡಾ 10ನ್ನು ಮೀರದ ಪಾಲು. ಕಾಯ್ದೆಯ 53ಎ ಸೆಕ್ಷನ್ ಅದು. ದುಃಖದ ಸಂಗತಿ ಎಂದರೆ ಇದು ಬಳಕೆಗೆ ಬಂದದ್ದು ತೀರ ಕಡಿಮೆ. ಕಲಾವಿದರ ಸಂಘಗಳು ಒಟ್ಟಾಗಿ ಕೇಳಿದರೆ ಬಳಕೆಗೆ ಬರಬಹುದು. ನಮ್ಮ ಲಲಿತಕಲಾ ಅಕಾಡೆಮಿ ಇದನ್ನು ಕೈಗೆತ್ತಿಕೊಳ್ಳಬೇಕು ಎಂದು ನಾನು ಈ ವೇದಿಕೆಯಿಂದಲೇ ಕೇಳಿಕೊಳ್ಳುತ್ತೇನೆ.

ಹಣದ ಹಕ್ಕಿನ ಜೊತೆಗೆ ಗೌರವದ ಹಕ್ಕೂ ಇದೆ. ಶಿಲ್ಪಿ ಅಮರನಾಥ್ ಸೆಹಗಲ್ ದೆಹಲಿಯ ವಿಜ್ಞಾನ ಭವನಕ್ಕೆ ಒಂದು ದೊಡ್ಡ ಕಂಚಿನ ಭಿತ್ತಿಶಿಲ್ಪ ಮಾಡಿಕೊಟ್ಟಿದ್ದರು. ಸುಮಾರು 140 ಅಡಿ ಉದ್ದ, 40 ಅಡಿ ಎತ್ತರ. 1979ರಲ್ಲಿ ಅದನ್ನು ಕಿತ್ತು ಗೋದಾಮಿಗೆ ಹಾಕಿದರು. ಭಾಗಗಳು ಹಾಳಾದವು. ಸೆಹಗಲ್ ನ್ಯಾಯಾಲಯಕ್ಕೆ ಹೋದರು. 2005ರಲ್ಲಿ ದೆಹಲಿ ಹೈಕೋರ್ಟ್ ಅವರ ಪರವಾಗಿ ತೀರ್ಪು ಕೊಟ್ಟಿತು. ಉಳಿದ ಭಾಗಗಳನ್ನು ಅವರಿಗೇ ಹಿಂತಿರುಗಿಸಬೇಕು, 5 ಲಕ್ಷ ರೂಪಾಯಿ ಪರಿಹಾರ ಕೊಡಬೇಕು ಎಂದಿತು. ಕೊಂಡವರು ಸರ್ಕಾರವೇ ಆಗಿದ್ದರೂ ಕಲಾವಿದನ ಕೃತಿಯನ್ನು ಅವನ ಹೆಸರಿಗೆ ಕುಂದು ಬರುವಂತೆ ಹಾಳುಗೆಡವುವ ಹಾಗಿಲ್ಲ. ಗೋಡೆ ಚಿತ್ರ ಬರೆಯುವವರು, ಸಾರ್ವಜನಿಕ ಶಿಲ್ಪ ಮಾಡುವವರು ಈ ತೀರ್ಪನ್ನು ತಿಳಿದಿರಬೇಕು.

ಈವರೆಗೆ ಎರಡು ವಿಷಯ ಆಯಿತು. ಅಚ್ಚಿನಿಂದ ಒಂದು ಚಿತ್ರ ಹಲವು ಪ್ರತಿಯಾಗುತ್ತದೆ. ಹಕ್ಕು ಉಳಿಸಿಕೊಂಡರೆ ಮಾರಿದ ಚಿತ್ರದಿಂದಲೂ ಹಣ ಬರುತ್ತದೆ. ಮೂರನೆಯದು, ಪುಸ್ತಕ ಮತ್ತು ಗೋಡೆ.

ಕನ್ನಡದ ವಾರಪತ್ರಿಕೆ, ಮಾಸಪತ್ರಿಕೆಗಳು ಕಥೆಗೊಂದು ಚಿತ್ರ ಬರೆಸುವ ಪದ್ಧತಿ ಬೆಳೆಸಿದವು. ರಾಷ್ಟ್ರೋತ್ಥಾನ ಪರಿಷತ್ತಿನ 'ಭಾರತ ಭಾರತಿ' ಮಾಲೆಯಲ್ಲಿ 500ಕ್ಕೂ ಹೆಚ್ಚು ಪುಟ್ಟ ಪುಸ್ತಕಗಳು ಬಂದವು. ಒಂದೊಂದಕ್ಕೂ ಚಿತ್ರಕಾರರು ಬೇಕಾಗಿದ್ದರು. ಈಗ ಮಕ್ಕಳ ಪುಸ್ತಕಗಳ ಕಾಲ. ಬೆಂಗಳೂರಿನಲ್ಲೇ 2004ರಲ್ಲಿ ಶುರುವಾದ ಪ್ರಥಮ್ ಬುಕ್ಸ್ ಹಲವು ಭಾಷೆಗಳಲ್ಲಿ ಚಿತ್ರಪುಸ್ತಕ ತರುತ್ತಿದೆ. ಈ ಕೆಲಸಕ್ಕೆ ಕೈ ಹಾಕುವವರು ಒಂದು ಮಾತು ತಿಳಿದಿರಬೇಕು. ಇಲ್ಲಿ ಒಂದು ಸುಂದರ ಚಿತ್ರ ಬರೆದರೆ ಸಾಲದು. ಅದೇ ಹುಡುಗಿಯನ್ನು ಹತ್ತು ಪುಟಗಳಲ್ಲಿ, ಓಡುವಾಗ, ಅಳುವಾಗ, ಮಲಗಿದಾಗ, ಅವಳೇ ಎಂದು ಗೊತ್ತಾಗುವಂತೆ ಬರೆಯಬೇಕು. ಪ್ರಕಾಶಕರ ಬಳಿಗೆ ಹೋಗುವಾಗ ಅಂಥ ನಾಲ್ಕು ಹಾಳೆ ತೆಗೆದುಕೊಂಡು ಹೋಗಿ. ನಿಮ್ಮ ದೊಡ್ಡ ಕ್ಯಾನ್ವಾಸಿನ ಫೋಟೊ ಅವರ ಕೆಲಸಕ್ಕೆ ಬಾರದು.

ಇನ್ನು ಗೋಡೆ. ಹಿಂದೆ ನಮ್ಮ ಊರುಗಳಲ್ಲಿ ಬೋರ್ಡ್ ಬರೆಯುವವರು, ಸಿನಿಮಾ ಬ್ಯಾನರ್ ಬರೆಯುವವರು, ಕಂಪನಿ ನಾಟಕದ ಸೀನರಿ ಪರದೆ ಬರೆಯುವವರು ಇದ್ದರು. ದರ್ಬಾರಿನ ಪರದೆ, ಕಾಡಿನ ಪರದೆ, ಬೀದಿಯ ಪರದೆ. ಫ್ಲೆಕ್ಸ್ ಬಂದು ಅವರ ಕುಂಚ ಕಿತ್ತುಕೊಂಡಿತು. 2009ರ ಹೊತ್ತಿಗೆ ಬೆಂಗಳೂರು ಮಹಾನಗರ ಪಾಲಿಕೆ ಊರಿನ ಗೋಡೆಗಳ ಮೇಲೆ ನಾಡಿನ ಪ್ರಕೃತಿ, ಸಂಸ್ಕೃತಿಯ ಚಿತ್ರ ಬರೆಸಿತು. ಕೆಲಸ ಕಳೆದುಕೊಂಡಿದ್ದ ಬ್ಯಾನರ್ ಕಲಾವಿದರಿಗೆ ಆಗ ಮತ್ತೆ ಕೆಲಸ ಸಿಕ್ಕಿತು. ಇವತ್ತು ಹಳ್ಳಿಯ ಸರ್ಕಾರಿ ಶಾಲೆಗಳು ರೈಲಿನ ಬೋಗಿಯಂತೆ ಬಣ್ಣ ಬಳಿಸಿಕೊಂಡು ನಿಂತಿವೆ. ಅಂಗನವಾಡಿ, ಆಸ್ಪತ್ರೆ, ಹೋಂಸ್ಟೇ, ಹೋಟೆಲ್ ಎಲ್ಲ ಕಡೆ ಗೋಡೆ ಇದೆ. ಗೋಡೆ ಕೆಲಸಕ್ಕೆ ಚದರಡಿ ಲೆಕ್ಕದಲ್ಲಿ ದರ ಹೇಳಿ. ಗೋಡೆಗೆ ಪ್ರೈಮರ್ ಯಾರು ಹಾಕಿಸುತ್ತಾರೆ, ಸಾರುವೆ ಯಾರು ಕಟ್ಟಿಸುತ್ತಾರೆ, ಬಣ್ಣ ಯಾರದು, ಮಳೆ ಬಂದು ಕೆಲಸ ನಿಂತರೆ ಏನು ಎಂದು ಮೊದಲೇ ಮಾತಾಡಿ. ಅರ್ಧ ಹಣ ಮುಂಗಡ ಬಾರದೆ ಏಣಿ ಹತ್ತಬೇಡಿ.

ಪುಸ್ತಕ, ಗೋಡೆ ಎರಡೂ ಆಯಿತು. ನಾಲ್ಕನೆಯ ದಾರಿ ಪಾಠ ಹೇಳುವುದು. ಇದು ಎಲ್ಲರಿಗೂ ಗೊತ್ತಿರುವ ದಾರಿ, ಹಾಗಾಗಿ ಹೆಚ್ಚು ಹೇಳುವುದಿಲ್ಲ. ಡ್ರಾಯಿಂಗ್ ಲೋಯರ್, ಹೈಯರ್ ಪರೀಕ್ಷೆಗೆ ಮಕ್ಕಳನ್ನು ತಯಾರು ಮಾಡುವ ಮನೆಪಾಠ ಎಷ್ಟೋ ಕಲಾವಿದರ ಮನೆ ನಡೆಸಿದೆ. ಈಗ ದೊಡ್ಡವರೂ ಕಲಿಯಲು ಬರುತ್ತಾರೆ. ನಿವೃತ್ತರಾದವರು, ಕಂಪ್ಯೂಟರ್ ಮುಂದೆ ಕೂತು ದಣಿದವರು, ಎಳೆವಯಸ್ಸಿನಲ್ಲಿ ಚಿತ್ರ ಬರೆಯುವ ಆಸೆ ಇದ್ದೂ ಬಿಟ್ಟ ಗೃಹಿಣಿಯರು. ಪರೀಕ್ಷೆಯ ಹಂಗಿಲ್ಲದ, ತಿಂಗಳಿಗೆ ನಾಲ್ಕು ಭಾನುವಾರದ ತರಗತಿ ಅವರಿಗೆ ಬೇಕು. ಪಾಠ ಹೇಳುವುದರಲ್ಲಿ ಎತ್ತರದ ಆದರ್ಶವೂ ನಮ್ಮ ಮುಂದಿದೆ. ಆರ್.ಎಂ. ಹಡಪದರು ಬೆಂಗಳೂರಿನಲ್ಲಿ ಕೆನ್ ಕಲಾಶಾಲೆ ಕಟ್ಟಿ ಬಾಳನ್ನೆಲ್ಲ ಅದಕ್ಕೆ ಕೊಟ್ಟರು. ಬಾದಾಮಿಯ ಜನರನ್ನು ಚಿತ್ರಿಸಿ ಹೆಸರಾದ ಜೆ.ಎಂ.ಎಸ್. ಮಣಿ ಅಲ್ಲಿಂದಲೇ ಬಂದವರು.

ಆದರೆ ಪಾಠ ಹೊತ್ತನ್ನೆಲ್ಲ ನುಂಗಬಲ್ಲದು. ಬೆಳಿಗ್ಗೆ ಒಂದು ಬ್ಯಾಚು, ಸಂಜೆ ಎರಡು ಬ್ಯಾಚು ಎಂದು ಶುರುವಾಗುತ್ತದೆ. ಎರಡು ವರ್ಷದಲ್ಲಿ ಸ್ವಂತ ಚಿತ್ರವೇ ನಿಂತುಹೋಗುತ್ತದೆ. ವಾರದಲ್ಲಿ ಮೂರು ದಿನ ಪಾಠಕ್ಕೆ ಇಡಿ. ಉಳಿದ ದಿನ ಬಾಗಿಲು ಹಾಕಿ ಬರೆಯಿರಿ. ಫೀಸು ಸ್ವಲ್ಪ ಹೆಚ್ಚಿಸಿದರೂ ಸರಿ, ಬ್ಯಾಚು ಹೆಚ್ಚಿಸಬೇಡಿ.

ಇಷ್ಟು ಹೊತ್ತು ಕಲಾಶಾಲೆಯಲ್ಲಿ ಕಲಿತವರ ಮಾತಾಯಿತು. ಮನೆಯಲ್ಲಿ ತಾಯಿಯಿಂದ, ಅಜ್ಜಿಯಿಂದ ಕಲಿತವರೂ ನಮ್ಮಲ್ಲಿದ್ದಾರೆ. ಸಾಗರ, ಸೊರಬದ ಕಡೆ ದೀವರ ಹೆಣ್ಣುಮಕ್ಕಳು ಗೋಡೆಯ ಮೇಲೆ ಹಸೆ ಚಿತ್ತಾರ ಬರೆಯುತ್ತಾರೆ. ಕೆಮ್ಮಣ್ಣಿನ ನೆಲೆ, ಅಕ್ಕಿಯ ಬಿಳಿ, ಪುಂಡಿ ನಾರಿನ ಕುಂಚ. ಸಣ್ಣ ಸಣ್ಣ ಗೆರೆಗಳು ಒಂದಕ್ಕೊಂದು ಹೆಣೆದುಕೊಂಡು ಹೋಗುತ್ತವೆ. ಭೂಮಿ ಹುಣ್ಣಿಮೆಗೆ ಬುಟ್ಟಿಯ ಮೇಲೂ ಬರೆಯುತ್ತಾರೆ. ಮದುವೆ, ಹಬ್ಬಕ್ಕೆ ಇದ್ದ ಈ ಚಿತ್ತಾರ ಈಗ ಕಾಗದ, ಬಟ್ಟೆಯ ಮೇಲೂ ಬಂದು ಹೊರಗಿನವರ ಮನೆ ಸೇರುತ್ತಿದೆ. ಸಂತೋಷ. ಆದರೆ ಇಲ್ಲೂ ಹಕ್ಕಿನ ಪ್ರಶ್ನೆ ಇದೆ. ನಗರದ ವಿನ್ಯಾಸಕಾರರು ಚಿತ್ತಾರದ ನಮೂನೆಯನ್ನು ನಕಲು ಮಾಡಿ ಯಂತ್ರದಲ್ಲಿ ಮುದ್ರಿಸಿ ಮಾರಿದರೆ ಆ ಹೆಣ್ಣುಮಗಳಿಗೆ ಒಂದು ಕಾಸೂ ಹೋಗುವುದಿಲ್ಲ. ಕೊಳ್ಳುವವರೇ, ಇದನ್ನು ಯಾರು ಬರೆದರು, ಅವರಿಗೆಷ್ಟು ಹೋಯಿತು ಎಂದು ಅಂಗಡಿಯಲ್ಲಿ ಕೇಳಿ.

ಮೈಸೂರು ಸಾಂಪ್ರದಾಯಿಕ ಚಿತ್ರಕಲೆಗೆ ಭೌಗೋಳಿಕ ಗುರುತಿನ, ಅಂದರೆ ಜಿಐ ಮಾನ್ಯತೆ ಇದೆ. ಬೀದರಿನ ಬಿದ್ರಿ ಕೆಲಸಕ್ಕೆ, ಚನ್ನಪಟ್ಟಣದ ಆಟಿಕೆಗೆ, ಕಿನ್ನಾಳದ ಗೊಂಬೆಗೂ ಇದೆ. ಮಾನ್ಯತೆ ಊರಿಗೆ ಬಂದರೆ ಸಾಲದು. ಕಸುಬುದಾರರು ಒಬ್ಬೊಬ್ಬರೂ ಅಧಿಕೃತ ಬಳಕೆದಾರರೆಂದು ಹೆಸರು ನೋಂದಾಯಿಸಿಕೊಂಡರೆ ಆ ಗುರುತನ್ನು ತಮ್ಮ ಮಾಲಿನ ಮೇಲೆ ಹಾಕಿಕೊಳ್ಳಬಹುದು. 2023ರಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಶಿಲ್ಪಿಗಳು, ಗೊಂಬೆ ಮಾಡುವವರು ಸೇರಿದ್ದಾರೆ. ಮೊದಲ ಕಂತಿಗೆ 1 ಲಕ್ಷ, ಆಮೇಲೆ 2 ಲಕ್ಷದವರೆಗೆ ಶೇಕಡಾ 5ರ ಬಡ್ಡಿಗೆ ಸಾಲ ಸಿಗುತ್ತದೆ. ಚಿತ್ರ ಬರೆಯುವವರು ಆ ಪಟ್ಟಿಯಲ್ಲಿಲ್ಲ. ಇರಬೇಕಿತ್ತು.

ಚಿತ್ರಕಾರರಿಗೆ ಬೇರೆ ಬಾಗಿಲುಗಳಿವೆ. ಕೇಂದ್ರ ಸಂಸ್ಕೃತಿ ಸಚಿವಾಲಯ ಎರಡು ವರ್ಷದ ಫೆಲೋಶಿಪ್ ಕೊಡುತ್ತದೆ. 25ರಿಂದ 40 ವಯಸ್ಸಿನವರಿಗೆ ತಿಂಗಳಿಗೆ 10,000 ರೂಪಾಯಿ, 40 ದಾಟಿದವರಿಗೆ 20,000. ಬೆಂಗಳೂರಿನಲ್ಲಿರುವ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಸಂಸ್ಥೆ ಕಲಾವಿದರ ಯೋಜನೆಗಳಿಗೆ ಅನುದಾನ ಕೊಡುತ್ತದೆ. ಎರಡಕ್ಕೂ ಅರ್ಜಿ ಬರೆಯುವ ಶ್ರಮ ಇದೆ. ಏನು ಮಾಡುತ್ತೀರಿ, ಏಕೆ ಮಾಡುತ್ತೀರಿ, ಎಷ್ಟು ಖರ್ಚು ಎಂದು ಬಿಡಿಸಿ ಬರೆಯಬೇಕು. ಬರೆಯಲು ಬಾರದು ಎಂದು ಹಿಂಜರಿಯಬೇಡಿ. ಊರಿನ ಕನ್ನಡ ಮೇಷ್ಟ್ರನ್ನೋ ಓದಿದ ಮಗಳನ್ನೋ ಪಕ್ಕದಲ್ಲಿ ಕೂರಿಸಿಕೊಳ್ಳಿ.

ಇಷ್ಟು ದಾರಿಗಳಾದವು. ಅಚ್ಚು, ಹಕ್ಕು, ಪುಸ್ತಕ, ಗೋಡೆ, ಪಾಠ, ಪರಂಪರೆಯ ಕಸುಬು, ಅನುದಾನ. ಎಲ್ಲವನ್ನೂ ಒಬ್ಬರೇ ಹಿಡಿಯಬೇಕಾಗಿಲ್ಲ. ಮೂಲ ಚಿತ್ರದ ಮಾರಾಟದ ಜೊತೆಗೆ ಎರಡು ಸಾಕು. ಒಂದು ತಿಂಗಳು ತಿಂಗಳೂ ಬರುವಂಥದ್ದಿರಲಿ, ಪಾಠದ ಹಾಗೆ. ಇನ್ನೊಂದು ಒಮ್ಮೆ ದುಡಿದರೆ ಮತ್ತೆ ಮತ್ತೆ ಬರುವಂಥದ್ದಿರಲಿ, ಅಚ್ಚು ಅಥವಾ ಹಕ್ಕಿನ ಹಾಗೆ.

ಕೊನೆಯದಾಗಿ ಲೆಕ್ಕದ ಪುಸ್ತಕ. 200 ಪುಟದ ಒಂದು ನೋಟ್‌ಬುಕ್ ತನ್ನಿ. ಪ್ರತಿ ಚಿತ್ರಕ್ಕೂ ಒಂದು ಸಂಖ್ಯೆ ಕೊಡಿ. ಹೆಸರು, ಅಳತೆ, ಯಾವ ಮಾಧ್ಯಮ, ಯಾವ ವರ್ಷ, ಸಾಮಗ್ರಿಗೆ ಎಷ್ಟಾಯಿತು, ಫ್ರೇಮಿಗೆ ಎಷ್ಟಾಯಿತು, ಯಾರಿಗೆ ಎಷ್ಟಕ್ಕೆ ಹೋಯಿತು, ಹಕ್ಕು ಯಾರ ಹತ್ತಿರ ಇದೆ, ಎಲ್ಲ ಬರೆಯಿರಿ. ಗ್ಯಾಲರಿಯಲ್ಲಿ ಹೇಳುವ ಬೆಲೆಯನ್ನೇ ಮನೆಗೆ ಬಂದವರಿಗೂ ಹೇಳಿ. ಇಲ್ಲದಿದ್ದರೆ ಗ್ಯಾಲರಿಯವರು ನಿಮ್ಮನ್ನು ಎರಡನೆಯ ಸಲ ಕರೆಯುವುದಿಲ್ಲ. ಪ್ರಚಾರ ಸಿಗುತ್ತದೆ, ಚಿತ್ರ ಸುಮ್ಮನೆ ಕೊಡಿ ಎನ್ನುವವರು ಬರುತ್ತಾರೆ. ಫ್ರೇಮಿನ ಅಂಗಡಿಯವರು ಪ್ರಚಾರಕ್ಕೆ ಫ್ರೇಮ್ ಹಾಕಿಕೊಡುತ್ತಾರೆಯೇ ಎಂದು ಅವರನ್ನು ಕೇಳಿ.

ಈ ನೋಟ್‌ಬುಕ್ಕನ್ನು ಮನೆಯವರಿಗೆ ತೋರಿಸಿ ಇಡಿ. ಕಲಾವಿದರು ತೀರಿಕೊಂಡ ಮೇಲೆ ಅವರ ಪತ್ನಿಗೆ, ಮಕ್ಕಳಿಗೆ ಯಾವ ಚಿತ್ರ ಎಲ್ಲಿದೆ, ಯಾವುದರ ಹಕ್ಕು ತಮ್ಮದು ಎಂದೇ ಗೊತ್ತಿರುವುದಿಲ್ಲ. ಅಟ್ಟದ ಮೇಲಿನ ಕ್ಯಾನ್ವಾಸ್‌ಗಳು ಗೆದ್ದಲು ಹಿಡಿಯುತ್ತವೆ. ಕಾಯ್ದೆ ಕೊಟ್ಟ 60 ವರ್ಷಗಳು ಯಾರಿಗೂ ಉಪಯೋಗವಾಗದೆ ಕಳೆದುಹೋಗುತ್ತವೆ. ಮನೆಯಲ್ಲಿ ಈಗಾಗಲೇ ಇರುವ ಚಿತ್ರಗಳಿಂದಲೇ ಶುರು ಮಾಡಿ, ತೀರಾ ಹಳೆಯದಕ್ಕೆ ಒಂದನೇ ಸಂಖ್ಯೆ ಕೊಡಿ.